ಮೊದಲ ತಟ್ಟೆಯ ಹುಳ

ಸುಗಟೂರು ಬಸ್ಸಿನಲ್ಲಿ ಯಾರೋ ಹೆಂಗಸು ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ಇಟ್ಟರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮಂಚದ ಅಕ್ಕ ನೆನಪಾದರು...

ಬೆಂಗಳೂರಿನ ಆಸ್ಪತ್ರೆಯೊಂದರ ರಕ್ತದ ಕ್ಯಾನ್ಸರ್ ವಾರ್ಡಿನಲ್ಲಿ ನಾವಿಬ್ಬರೂ ಇದ್ದೆವು. ನಾನು ಮಾಲೂರಿನವನು, ಅವರು ಸುಗಟೂರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದವರು. ವಾರ್ಡಿನಲ್ಲಿ ಅವರದೇ ದರ್ಬಾರು. ನನ್ನ ಚಿಕ್ಕಪ್ಪ ಪ್ರೀತಿಯಿಂದ ಹಣೆಗೆ ವಿಭೂತಿ ಹಚ್ಚಲು ಬಂದರೆ, "ಮೊದ್ಲು ಕೈ ತೊಳ್ಕೊಂಡ್ ಬನ್ನಿ ಸ್ವಾಮಿ. ಹುಳದ ಮನೆಗೇ ನಾವು ಹಿಂಗೆ ಬಿಡಲ್ಲ" ಎಂದು ಬಾಗಿಲಿಗೇ ಅಟ್ಟಿದರು. ಚಿಕ್ಕಪ್ಪ ಮುಖ ಊದಿಸಿಕೊಂಡರು. ನರ್ಸುಗಳಿಗೆ ಖುಷಿಯೋ ಖುಷಿ.

ನಮ್ಮಿಬ್ಬರ ಕಾಯಿಲೆಯೂ ಕೀಮೋಗೆ ಜಗ್ಗಲಿಲ್ಲ. ಇನ್ನೂ ಪರೀಕ್ಷೆಯ ಹಂತದಲ್ಲಿರುವ ಹೊಸ ಔಷಧವೊಂದಿದೆ, ಒಪ್ಪಿದರೆ ಕೊಡುತ್ತೇವೆ, ಆದರೆ ಗುಣವಾಗುವ ಭರವಸೆ ಕೊಡಲಾರೆವು ಎಂದರು ಡಾಕ್ಟರು.

"ನಾವೇನು ಇಲಿಗಳಾ ಅಕ್ಕ?" ಎಂದೆ.

"ಇಲಿ ಅಲ್ಲ ಕಣೋ, ಹುಳ" ಎಂದು ನಕ್ಕರು. "ಹೊಸ ತಳಿ ಬಂದ್ರೆ ಮನೆ ತುಂಬ ಮೇಯಿಸ್ತೀವಾ? ಒಂದು ತಟ್ಟೇಲಿ ಬಿಟ್ಟು ನೋಡ್ತೀವಿ. ಆ ತಟ್ಟೆ ನಾನಾಗ್ತೀನಿ. ನೀನು ನೋಡ್ಕೊಂಡು ಬಾ. ಏಮೀ ಕಾದು."

ಏನೂ ಆಗೋದಿಲ್ಲ ಅಂತ. ಹೆದರಿಕೆಯಾದಾಗಲೆಲ್ಲ ಅವರ ಬಾಯಿಗೆ ತೆಲುಗೇ ಬರುತ್ತಿತ್ತು.

ಔಷಧವೇನೋ ಕೆಲಸ ಮಾಡಿತು, ರಕ್ತದಲ್ಲಿನ ಕೆಟ್ಟ ಕಣಗಳು ಕಡಿಮೆಯಾಗುತ್ತಾ ಬಂದವು. ಆದರೆ ಅದರ ಬೆನ್ನಿಗೇ ಅವರ ಶ್ವಾಸಕೋಶ ಊದಿಕೊಂಡಿತು. ಅದೂ ಔಷಧದಿಂದಲೇ ಎಂದು ಯಾರಿಗಾದರೂ ತಿಳಿಯುವ ಹೊತ್ತಿಗೆ ತಡವಾಗಿತ್ತು... ಆ ಮಂಚಕ್ಕೆ ಹೊಸ ಹೊದಿಕೆ ಬಂತು. ಆಮೇಲೆ ನಾನು ಆ ಕಡೆ ತಿರುಗಿ ಮಲಗಲಿಲ್ಲ.

ಆದರೂ ಒಪ್ಪಿಗೆ ಕೊಟ್ಟೆ. ಅವರು ಹೋದ ದಾರಿಯಲ್ಲಿ ಹೆದರಿ ಹಿಂದೆ ಸರಿಯಲು ನಾಚಿಕೆಯಾಯಿತು. ನನಗೂ ಉಸಿರು ಕಟ್ಟತೊಡಗಿದಾಗ ಡಾಕ್ಟರು ಕ್ಷಣವೂ ತಡಮಾಡದೆ ಊತ ಇಳಿಸುವ ಇಂಜೆಕ್ಷನ್ ಕೊಟ್ಟರು. "ಇದು ನಿಮ್ಮ ಅಕ್ಕನಿಂದ ನಮಗೆ ಗೊತ್ತಾಗಿದ್ದು" ಎಂದರು. ನಾನು ಬದುಕಿದೆ. ಈಗ ನಾನೆಳೆಯುವ ಒಂದೊಂದು ಉಸಿರಿನಲ್ಲೂ ಅವರ ಪಾಲಿದೆ, ಅದನ್ನು ಹೇಳೋಣವೆಂದರೆ ಅವರಿಲ್ಲ.

ಸುಗಟೂರಿನಲ್ಲಿಳಿದು ಅವರ ಮನೆಗೆ ಹೋದೆ. ಹಿತ್ತಲಿನ ಹುಳದ ಮನೆಯೊಳಗೆ ಇಣುಕುವಷ್ಟರಲ್ಲಿ ಅವರ ಸೊಸೆ ನೀರಿನ ಚೊಂಬು ಹಿಡಿದು ಅಡ್ಡ ನಿಂತಳು.

"ಕೈಕಾಲು ತೊಳ್ಕೊಂಡ್ ಬನ್ನಿ ಅಣ್ಣ."

ಅವಳು ನೀರು ಹೊಯ್ದಳು. ಚೊಂಬು ಖಾಲಿಯಾದ ಮೇಲೂ ಕೈ ಚಾಚಿಕೊಂಡೇ ನಿಂತಿದ್ದೆ.