ಗವಿಯ ಬಾಯಲ್ಲಿ ಬಿಟ್ಟ ಚಪ್ಪಲಿ

ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಫಜಲುಲ್ಲಾನ ಹತ್ತಿರ ಬೈಸಿಕೊಳ್ಳದವರು ಯಾರೂ ಇಲ್ಲ. ಅವನ ಪಕ್ಕದಲ್ಲೇ ಜೀಪು ನಿಲ್ಲಿಸುವ ನನಗಂತೂ ದಿನಾ ಮಂಗಳಾರತಿ. ಚಹಾ ತೆಳುವಾದರೂ ಬೈಗುಳ, ಬಸ್ಸು ತಡವಾದರೂ ಬೈಗುಳ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ. ಆದರೆ ಅವನ ಒಂದು ಸಿಟ್ಟಿಗೆ ಮಾತ್ರ ನಾನು ಇವತ್ತಿಗೂ ಪಾಲುದಾರ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಗುಡ್ಡದ ಹೊಟ್ಟೆಯಲ್ಲಿ ಒಂದು ಸುಣ್ಣಕಲ್ಲಿನ ಗವಿಯಿದೆ. ಬಾಯಿ ಸಣ್ಣದು, ಇಳಿದಷ್ಟೂ ಆಳ. ಚಾವಣಿಯಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಬಿಳಿ ಕಲ್ಲುಗಳು ಹಸುವಿನ ಕೆಚ್ಚಲಿನ ಹಾಗೆ ಇಳಿಬಿದ್ದಿವೆ. ಒಳಗೆ ಹೋಗುವವರು ಬಾಯಲ್ಲೇ ಚಪ್ಪಲಿ ಬಿಡಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಕೆಲವರು ಭಕ್ತಿಗೆ ಬಿಡುತ್ತಿದ್ದರು. ಫಜಲುಲ್ಲಾನ ಕಾರಣ ಬೇರೆ.

"ಒಳಗೆ ಯಾರಿದ್ದಾರೆ ಅಂತ ಗವಿ ಹೇಳಲ್ಲ ಮಾರಾಯ. ಚಪ್ಪಲಿ ಹೇಳ್ತದೆ."

ಕೊನೆಯ ಜೊತೆ ಚಪ್ಪಲಿ ಎದ್ದು ಹೋಗುವವರೆಗೆ ಅವನು ಜೀಪು ಸ್ಟಾರ್ಟ್ ಮಾಡುತ್ತಿರಲಿಲ್ಲ.

ಆಮೇಲೆ ಯಾವುದೋ ಕಂಪನಿ ಗವಿಯನ್ನು ಟೆಂಡರಿಗೆ ಹಿಡಿಯಿತು. ಗೇಟು ಬಂತು, ಬಣ್ಣದ ಲೈಟು ಬಂತು, ನಂದನ್ ಎಂಬ ಮ್ಯಾನೇಜರ್ ಬಂದ. ಇನ್ನು ಎಲ್ಲರೂ ಶೂ ಹಾಕಿಕೊಂಡೇ ಇಳಿಯಬಹುದು ಎಂದ. ಬಾಗಿಲ ಮುಂದೆ ಹಳೇ ಚಪ್ಪಲಿ ಬಿದ್ದಿದ್ದರೆ ಫೋಟೊ ಕೆಡುತ್ತದಂತೆ.

"ಒಳಗೆ ಒಬ್ರು ಉಳ್ಕೊಂಡ್ರೆ ನಿಮಗೆ ಹೆಂಗೆ ಗೊತ್ತಾಗ್ತದೆ?" ಎಂದು ಫಜಲುಲ್ಲಾ ಗೇಟಿನ ಮುಂದೆ ನಿಂತು ಕೂಗಾಡಿದ.

"ನಮ್ಮ ಹತ್ರ ಸಿಸ್ಟಮ್ ಇದೆ ಸಾಬ್ರೆ" ಎಂದ ನಂದನ್.

ಸಿಸ್ಟಮ್ ಅಂತೆ! ಅವನ ಸಿಸ್ಟಮಿಗಿಷ್ಟು ಬೆಂಕಿ ಹಾಕ. ಹಿಂದೆ ನಿಂತು ಕೋಲೆಬಸವನ ಹಾಗೆ ತಲೆಯಾಡಿಸಿದವನು ಕಾವಲುಗಾರ ಕಲ್ಲೇಶ್. ಅವತ್ತಿನಿಂದ ಕಲ್ಲೇಶನಿಗೂ ಫಜಲುಲ್ಲಾನಿಗೂ ಮಾತು ನಿಂತಿತು.

ಹೋದ ಬೇಸಗೆಯ ಒಂದು ಭಾನುವಾರ. ಫಜಲುಲ್ಲಾ ತನ್ನ ಗಿರಾಕಿಗಳನ್ನು ಗವಿಯ ಪಕ್ಕದ ಹೋಮ್‌ಸ್ಟೇಗೆ ಕಳಿಸಿ ಜೀಪಿನ ಕಡೆ ತಿರುಗಿದ. ಗೇಟು ಹಾಕುವ ಹೊತ್ತು. ಗವಿಯ ಬಾಯಲ್ಲಿ ಒಂದು ಜೊತೆ ಹೆಂಗಸರ ಹವಾಯಿ ಚಪ್ಪಲಿ ಕಂಡಿತು. ಸುತ್ತ ಯಾರೂ ಇಲ್ಲ. ಟಾರ್ಚ್ ಹಿಡಿದು, ತನ್ನ ಚಪ್ಪಲಿಯನ್ನೂ ಅದರ ಪಕ್ಕದಲ್ಲೇ ಬಿಟ್ಟು ಇಳಿದ. ಕಲ್ಲೇಶ್ ಅಲ್ಲೇ ಟಿಕೆಟ್ ಕೋಣೆಯಲ್ಲಿದ್ದ. ಫಜಲುಲ್ಲಾ ಅವನಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಚಪ್ಪಲಿ ಬಿಟ್ಟಿದ್ದೇನಲ್ಲ, ಕಣ್ಣಿದ್ದವನಿಗೆ ಅಷ್ಟು ಸಾಕು ಅಂದುಕೊಂಡ.

ಕಲ್ಲೇಶ್ ಬಂದು ಎರಡೂ ಜೊತೆಯನ್ನು ಕಸದ ಚೀಲಕ್ಕೆ ತುಂಬಿದ. ಲೈಟು ಆರಿಸಿದ. ಬೀಗ ಹಾಕಿದ.

ಕತ್ತಲಾದ ಮೇಲೆ ಫಜಲುಲ್ಲಾನ ಹೆಂಡತಿ ಜಹೀರಾ ನನಗೆ ಫೋನ್ ಮಾಡಿದಳು. ಗಂಡ ಬಂದಿಲ್ಲ, ಫೋನು ಸಿಗುತ್ತಿಲ್ಲ. ಇಬ್ಬರೂ ನನ್ನ ಜೀಪಿನಲ್ಲಿ ಗವಿಗೆ ಹೋದೆವು. ಅವನ ಜೀಪು ಅಲ್ಲೇ ನಿಂತಿತ್ತು.

"ಜೀಪು ಕೆಟ್ಟಿರ್ಬೇಕು ಅಂದ್ಕೊಂಡೆ. ಒಳಗೆ ಯಾರೂ ಇಲ್ಲಕ್ಕ" ಎಂದ ಕಲ್ಲೇಶ್.

"ಚಪ್ಪಲಿ ಇತ್ತಾ?" ಎಂದಳು ಜಹೀರಾ.

ಅವನು ಮೂಲೆಯಲ್ಲಿದ್ದ ಕಸದ ಚೀಲದ ಕಡೆ ತಿರುಗಿದ. "ಹಳೇವು ಎರಡು ಜೊತೆ ಇತ್ತು. ಯಾರೋ ಬಿಸಾಕಿ ಹೋಗಿದ್ದು ಅಂತ..."

ಜಹೀರಾ ಚೀಲವನ್ನು ನೆಲಕ್ಕೆ ಸುರಿದಳು. ಬಾಟಲಿ, ತಿಂಡಿ ಪೊಟ್ಟಣಗಳ ನಡುವೆ ಗಂಡನ ಚಪ್ಪಲಿ ಸಿಕ್ಕಿತು. ಕಿತ್ತುಹೋದ ಉಂಗುಷ್ಠಕ್ಕೆ ಅವನೇ ತಾಮ್ರದ ತಂತಿ ಸುತ್ತಿದ್ದ. ಎತ್ತರದ ದನಿಯಲ್ಲಿ ಮಾತಾಡದ ಹೆಂಗಸು ಅವತ್ತು ಗುಡ್ಡ ನಡುಗುವಂತೆ ಕೂಗಿದಳು: "ಬೀಗ ತೆಗೀತೀಯಾ, ಇಲ್ಲಾ ಜೀಪಿಗೆ ಹಗ್ಗ ಕಟ್ಟಿ ಗೇಟ್ ಕೀಳಿಸ್ಲಾ?"

ಬೀಗ ತೆಗೆಸಿ ಇಳಿದೆವು. ಎಷ್ಟೋ ಆಳದಿಂದ ಫಜಲುಲ್ಲಾ ಬೈಯುವುದು ಕೇಳಿಸಿತು. ಕಂಪನಿಗೆ, ನಂದನನಿಗೆ, ಕೈಕೊಟ್ಟ ಟಾರ್ಚಿನ ಬ್ಯಾಟರಿಗೆ. ಬೈಗುಳ ಅಷ್ಟು ಸಿಹಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನ ಪಕ್ಕದಲ್ಲಿ, ಅವನ ಅಂಗಿ ಹೊದ್ದು, ಕಾಲು ಉಳುಕಿಸಿಕೊಂಡ ಮುದುಕಿಯೊಬ್ಬರು ಕೂತಿದ್ದರು. ವಸ್ತಾರೆಯ ವಸಂತಮ್ಮ. ನೆಂಟರ ಜೊತೆ ಎರಡು ವ್ಯಾನಿನಲ್ಲಿ ಬಂದು, ಹಳೇ ಭಕ್ತಿಗೆ ಬಾಯಲ್ಲೇ ಚಪ್ಪಲಿ ಬಿಟ್ಟು ಇಳಿದವರು. ಈ ವ್ಯಾನಿನವರು ಆ ವ್ಯಾನಿನಲ್ಲಿದ್ದಾರೆ ಅಂದುಕೊಂಡರು, ಆ ವ್ಯಾನಿನವರು ಈ ವ್ಯಾನಿನಲ್ಲಿದ್ದಾರೆ ಅಂದುಕೊಂಡರು. ಸಿಸ್ಟಮಿಗೆ ಏನೂ ಅನ್ನಿಸಲಿಲ್ಲ.

"ಈ ಸಾಬ್ರು ಬೈತಾನೇ ಇದ್ರು ಕಣಪ್ಪ. ಅದ್ಕೇ ನಂಗೆ ಧೈರ್ಯ ಇತ್ತು" ಎಂದರು ವಸಂತಮ್ಮ.

ಅವರನ್ನು ಹೊತ್ತು ಮೇಲೆ ಬರುವಷ್ಟರಲ್ಲಿ ನಂದನ್ ಕಾರಿನಲ್ಲಿ ಬಂದಿಳಿದಿದ್ದ. ಬಾಯಿ ತೆರೆದವನೇ, "ಟಿಕೆಟ್ ಇಲ್ದೆ ಯಾಕ್ರೀ ಒಳಗೆ ಹೋದ್ರಿ?" ಎಂದ. ನಾನು ಕೈ ಎತ್ತಿದೆ. ಜಹೀರಾ ಹಿಡಿದುಕೊಳ್ಳದಿದ್ದರೆ ಅವನ ಹಲ್ಲು ಉದುರುತ್ತಿತ್ತು.

ಫಜಲುಲ್ಲಾ ಮಾತ್ರ ಬೈಯಲಿಲ್ಲ. ಬಗ್ಗಿ ವಸಂತಮ್ಮನ ಕಾಲಿಗೆ ಅವರ ಚಪ್ಪಲಿ ತೊಡಿಸಿ ಜೀಪಿಗೆ ಹತ್ತಿಸಿದ. ತನ್ನ ಚಪ್ಪಲಿಯನ್ನು ಜಹೀರಾಳ ಕೈಯಿಂದ ತೆಗೆದುಕೊಂಡು ಹೋಗಿ, ಮತ್ತೆ ಗವಿಯ ಬಾಯಲ್ಲೇ ಇಟ್ಟು ಬರಿಗಾಲಲ್ಲಿ ಬಂದ.

"ಹಾಕ್ಕೊಳ್ರೀ, ಮುಳ್ಳಿದೆ" ಎಂದಳು ಜಹೀರಾ.

"ಅಲ್ಲೇ ಇರ್ಲಿ. ನಾನಿನ್ನೂ ಒಳಗೇ ಇದೀನಿ ಅಂತ ಲೆಕ್ಕ."

ಮಾರನೇ ಸಂಜೆ ಕಲ್ಲೇಶ್ ಆ ಚಪ್ಪಲಿಗೆ ಕೈಹಾಕಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡನಂತೆ. ಯಾರದೆಂದು ಅವನಿಗೆ ಗೊತ್ತು. ಆ ಹೊತ್ತಿಗೆ ಫಜಲುಲ್ಲಾ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿರುತ್ತಾನೆ ಎಂದೂ ಗೊತ್ತು. ಆದರೂ ಈಗ ದಿನಾ ಟಾರ್ಚ್ ಹಿಡಿದು ಕೊನೆಯ ತಿರುವಿನವರೆಗೆ ಇಳಿಯುತ್ತಾನೆ. "ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಾನೆ. ಆಮೇಲೇ ಬೀಗ ಹಾಕುತ್ತಾನೆ.