ಒಣಕಾಯಿ ಸುಲಿಯುವ ಮಾರಕ್ಕ

ದಿನವೂ ಸೂರ್ಯನಿಗೆ ಕೈಮುಗಿದ ಮೇಲೆಯೇ ದೇವಸಮುದ್ರದ ಮಾರಕ್ಕ ಶೇಂಗಾಕಾಯಿಯನ್ನು ಬಿಸಿಲಿಗೆ ಹರವುತ್ತಾಳೆ. ಊರಲ್ಲಿ ಎಲ್ಲರೂ ಸಿಪ್ಪೆ ಮೆತ್ತಗಾಗಲೆಂದು ಕಾಯಿಗೆ ನೀರು ಚಿಮುಕಿಸಿ ಸುಲಿಯುತ್ತಾರೆ. ಅವಳೂ ಹಾಗೇ ಮಾಡುತ್ತಿದ್ದಳು. ಆ ತೇವಕ್ಕೆ ಬೂಷ್ಟು ಹಿಡಿದರೆ ಅದರ ವಿಷ ಹುರಿದರೂ ಹೋಗದು ಎಂದು, ಆಹಾರ ಪರೀಕ್ಷಿಸುವ ದಿವ್ಯಾ ಮೇಡಂ ಊರಿಗೆ ಬಂದು ಹೇಳಿದಂದಿನಿಂದ ನೀರು ಹಾಕುವುದನ್ನು ಬಿಟ್ಟಿದ್ದಾಳೆ. ಅವಳ ಬೀಜ ಅಂಗನವಾಡಿ ಮಕ್ಕಳ ಉಂಡೆಗೆ ಹೋಗುತ್ತದೆ. ಒಣಕಾಯಿ ಸುಲಿದು ಸುಲಿದು ಬೆರಳು ಬಾತಿವೆ.

ಶೇಂಗಾ ವ್ಯಾಪಾರಿ ಗಾದ್ರಪ್ಪ ನಕ್ಕ. "ಇಷ್ಟು ದಿನ ತಿಂದು ಯಾವ ಮಗು ಸತ್ತೈತಕ್ಕ?"

"ಸಾಯೋತನಕ ಕಾಯ್ಬೇಕೇನು?"

ಅವಳ ಬೆರಳು ನೋಡಿ ಅವನ ದನಿ ಇಳಿಯಿತು. "ನಾಳೆ ಅಂಗನವಾಡಿಗೆ ಒಪ್ಪಿಸಬೇಕಲ್ಲ, ಕೊಡು. ನಮ್ಮ ಆಳುಗಳು ಪುಕ್ಕಟೆ ಸುಲಿದುಕೊಡ್ತಾರೆ."

"ನೀರು ಹಾಕ್ದಂಗೆ?"

"ನೀರು ಹಾಕ್ದೆ ನಾಳೆಗೆ ಮುಗಿಯಲ್ಲಕ್ಕ."

"ಹಂಗಾದ್ರೆ ಬ್ಯಾಡಣ್ಣ," ಎಂದು ಮಾರಕ್ಕ ಮುಂದಿನ ಕಾಯಿ ಒಡೆದಳು.