ಆರಬಾರದ ಕಂದೀಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಂಟು ದಿನವಾಯಿತು, ಶಲವಡಿಯ ನಮ್ಮ ಮನೆಯಲ್ಲೇ, ಹಾಲು ಕಾಯಿಸುವ ಹೊತ್ತಿಗೆ ಮಗಳು ಹಡೆದಳು. ಓಣಿ ತುಂಬ ಸಕ್ಕರೆ ಹಂಚಿದೆ. ಎಮ್ಮೆ ಹೊಡೆದುಕೊಂಡು ಹೊರಟವನನ್ನೂ ನಿಲ್ಲಿಸಿ ಅಂಗೈಗೆ ಹಾಕಿದೆ. ಮೂರನೆಯ ಇಯತ್ತೆ ಕಲಿತವಳು ನಾನು, ಬಂದಂತೆ ಬರೆಯುತ್ತೇನೆ.

ಊರಿಗೆ ಕರೆಂಟು ಬಂದು, ಓಣಿಯ ಒಂದು ಮನೆಗೆ ಟೀವಿ ಸಹ ಬಂದಿದೆ. ಆದರೆ ನಮ್ಮಲ್ಲಿ ಹೆರಿಗೆಯಾದರೆ ಬಲ್ಬಿಗೆ ಬೆಲೆ ಇಲ್ಲ. ಅತ್ತೆಯ ತವರಿನಿಂದ ಬಂದ ಕಬ್ಬಿಣದ ಕಂದೀಲು ಅಟ್ಟದಿಂದ ಇಳಿಯುತ್ತದೆ. ನಾಲ್ಕು ಕಡೆ ಗಾಜು, ಒಳಗೆ ಮೇಣಬತ್ತಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ಬಾಣಂತಿ ಕೋಣೆಯಲ್ಲಿ ಅದು ಆರಬಾರದು. ಆರಿದರೆ ಕೂಸಿಗೆ ಕೇಡು ಎಂಬ ನಂಬಿಕೆ.

ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೇ ಅದರ ಒಂದು ಗಾಜು ಒಡೆದಿತ್ತು. ಎರೆ ಹೊಲದ ಗಾಳಿ ಕಿಟಕಿಯಿಂದ ನುಗ್ಗಿ ದೀಪವನ್ನು ಬಗ್ಗಿಸುತ್ತಿತ್ತು. ಅತ್ತೆ ಕಿಟಕಿ ಮುಚ್ಚು ಎಂದರು. ನಾನೇ ಎದ್ದು ಸಂದಿಗೆಲ್ಲ ಹಳೆಯ ಸೀರೆಯ ಚೂರು ಒತ್ತಿದೆ. ನಾನು ಮಲಗುವ ಹೊರಸಿನ ಕೆಳಗೆ ಮೈ ಕಾಯಲೆಂದು ಇಟ್ಟ ಇದ್ದಿಲ ಬೆಂಕಿ ಇತ್ತು. ಬೆಳಗಾದಾಗ ನನಗೆ ತಲೆ ಎತ್ತಲಾಗಲಿಲ್ಲ. ದೀಪ ಉರಿಯುತ್ತಲೇ ಇತ್ತು. ಐದು ದಿನದ ನನ್ನ ಗಂಡುಕೂಸು ತಣ್ಣಗಾಗಿತ್ತು.

ಹಣೆಬರಹ ಎಂದರು ಎಲ್ಲರೂ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಜೀವ ತೆಗೆಯುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ನರ್ಸಬಾಯಿಯಿಂದ ತಿಳಿಯಿತು. ಆ ಮಾತನ್ನು ಮನೆಯಲ್ಲಿ ಯಾರ ಮುಂದೂ ಆಡಿರಲಿಲ್ಲ.

ಮೊಮ್ಮಗಳು ಹುಟ್ಟಿದ ದಿನ ಮಧ್ಯಾಹ್ನ ಅತ್ತೆ ಕಂದೀಲು ಹಚ್ಚಿಕೊಂಡು ಕೋಣೆಗೆ ಬಂದರು. ಒಡೆದ ಗಾಜಿನ ಜಾಗಕ್ಕೆ ತಗಡು ಬಡಿಸಿದ್ದರೂ ದೀಪ ಅಲುಗುತ್ತಿತ್ತು.

"ಕಿಟಕಿ ಹಾಕ ಬೇ. ಇದ್ದಲಿ ಬೆಂಕಿ ತಾ."

"ಹಾಕಂಗಿಲ್ರಿ ಅತ್ತಿ."

"ದೀಪಾ ಆರಿದ್ರ?"

"ಆರಲಿ ಬಿಡ್ರಿ."

ಮಗಳು ಮಲಗಿದ್ದಲ್ಲಿಂದಲೇ, "ಇಂಥಾ ದಿನಾ ಏನ್ ಮಾತಾಡ್ತಿ ಯವ್ವಾ," ಎಂದಳು.

ಆಗ ಎಲ್ಲವನ್ನೂ ಹೇಳಿದೆ. ನರ್ಸಬಾಯಿಯ ಮಾತನ್ನೂ ಹೇಳಿ, "ಅವತ್ತ ಕಿಟಕಿ ನನ್ನ ಕೈಲೇ ಮುಚ್ಚೇನ್ರಿ," ಎಂದೆ.

ಅತ್ತೆ ಗೋಡೆ ಹಿಡಿದು ಕುಳಿತರು. "ಮುಚ್ಚು ಅಂದಾಕಿ ನಾನು. ನಿನಗೇನ್ ಗೊತ್ತಿತ್ತು, ನೀನೂ ಕೂಸ ಇದ್ದಿ." ಕಂದೀಲು ಎತ್ತಿಕೊಂಡು ಪಡಸಾಲೆಗೆ ಹೋದರು.

ಸಂಜೆ ಕರೆಂಟು ಹೋಯಿತು. ಪಡಸಾಲೆಯಲ್ಲಿ ಆ ಕಂದೀಲಿನ ಬೆಳಕಿಗೇ ಊಟಕ್ಕೆ ಕುಳಿತೆವು, ಅತ್ತೆ, ನಮ್ಮ ಮನೆಯವರು, ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಬಂದ ಅಳಿಯ, ನಾನು. ಕೋಣೆಯ ಬಾಗಿಲು ತೆರೆದೇ ಇತ್ತು. ಮಗಳು ಒಳಗೆ ತಾಟು ಹಿಡಿದಿದ್ದಳು.

"ಯಾಕ ಅಳಿಯಂದ್ರ, ಹೆಣ್ಣ ಹುಟ್ಟೇತಂತ ಮಾರಿ ಸಣ್ಣ ಮಾಡೀರೇನು?" ಎಂದರು ಅತ್ತೆ.

"ಇಲ್ರಿ ಆಯಿ, ಬಸ್ಸಿನ್ಯಾಗ ನಿಂತ ಬಂದೇನಿ. ಹಸದೈತಿ."

ಹುಗ್ಗಿಗೆ ತುಪ್ಪ ಬಡಿಸಿ ನಾನೂ ಕುಳಿತಿದ್ದೆನಷ್ಟೇ, ಗಾಳಿ ಬೀಸಿ ಕಂದೀಲು ಆರಿತು. ಎಲ್ಲರ ಕೈ ತಾಟಿನಲ್ಲೇ ನಿಂತಿತು. ಒಳಗೆ ಕೂಸು ಮನೆ ಕಿತ್ತು ಹೋಗುವಂತೆ ಅಳಲು ಶುರು ಮಾಡಿತು.

"ಉಣ್ರಿ," ಎಂದರು ಅತ್ತೆ. "ಕೂಸು ಚಲೋ ಅಳಾಕತ್ತೈತಿ. ದೀಪಾ ಆಮ್ಯಾಲ ಹಚ್ಚಿದ್ರಾತು."

ನನ್ನ ಕಣ್ಣೀರು ಯಾರಿಗೂ ಕಾಣಲಿಲ್ಲ. ಅತ್ತೆ ಕತ್ತಲಲ್ಲೇ ನನ್ನ ತಾಟನ್ನು ತಡವಿ ಇನ್ನೊಂದು ಸೌಟು ಹುಗ್ಗಿ ಬಡಿಸಿದರು. ಉಂಡೆವು.